ಫೋರ್ಡ್ ಮೇಲಿನ ಚರ್ಚ್: ಗೋಪುರ ಕೊನೆಗೂ ಮಡಚಿತು

ಕಳೆದ ಭಾನುವಾರ ಸಂಜೆ ಗೋಪುರ ಕೊನೆಗೂ ಮಾತು ಕೇಳಿತು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸೂರಿನ ಮೇಲೆ ಮಲಗುತ್ತದೆ, ಎತ್ತಿದರೆ ನೆಟ್ಟಗೆ ನಿಲ್ಲುತ್ತದೆ. ನಾಲ್ಕು ತಿಂಗಳ ಕೆಲಸದಲ್ಲಿ ನನ್ನನ್ನು ಇಷ್ಟು ಸತಾಯಿಸಿದ ಭಾಗ ಬೇರೆ ಇಲ್ಲ. ಹಿಂದಿನ ಭಾಗಗಳನ್ನು ಓದದವರಿಗಾಗಿ ನಾನು ಮಾಡುತ್ತಿರುವುದು ಯಾವ ಗಾಡಿಯ ಪುಟ್ಟ ಮಾದರಿ ಅಂತ ಮೊದಲು ಹೇಳಿಬಿಡುತ್ತೇನೆ.

ಅಮೆರಿಕದ ಬ್ರೂಕ್ಲಿನ್‌ನಲ್ಲಿ ಬ್ರ್ಯಾನ್‌ಫೋರ್ಡ್ ಕ್ಲಾರ್ಕ್ ಅನ್ನುವ ಬೋಧಕರಿದ್ದರು. ಕವಿ, ಚಿತ್ರಕಾರ ಕೂಡ. 1922ರ ಅವರ ಫೋರ್ಡ್ ಮಾಡೆಲ್ ಟಿ ಕಾರಿನ ಮೇಲೆ ಕೂತಿದ್ದದ್ದು ಒಂದು ಪುಟ್ಟ ಚರ್ಚ್. ಬಣ್ಣದ ಗಾಜಿನ ಕಿಟಕಿ, ಒಂದು ಚಿಕ್ಕ ಆರ್ಗನ್ ವಾದ್ಯ, ತಲೆಯ ಮೇಲೆ ಮಡಚುವ ಗೋಪುರ. ಗಾಡಿ ನಿಲ್ಲಿಸಿ ಗೋಪುರ ಎತ್ತಿದರೆ ಆ ಬೀದಿಯೇ ಪ್ರಾರ್ಥನೆಯ ಜಾಗ.

ಆ ಕಾಲದಲ್ಲಿ ಧರ್ಮ ಬೋಧನೆಗೆ ಮೋಟಾರು ಹತ್ತಿದವರು ಇವರೊಬ್ಬರೇ ಅಲ್ಲ. 1917ರಲ್ಲಿ ಬಾಸ್ಟನ್‌ನಲ್ಲಿ ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಮಾರ್ಥಾ ಮೂರ್ ಏವರಿ ಕ್ಯಾಥೊಲಿಕ್ ಪ್ರಚಾರಕ್ಕೆ ಫೋರ್ಡ್ ಗಾಡಿಯನ್ನೇ ವೇದಿಕೆ ಮಾಡಿಕೊಂಡರು. ಇಬ್ಬರೂ ಮೊದಲು ಸಮಾಜವಾದಿಗಳು, ಬೀದಿ ಭಾಷಣ ಅವರಿಗೆ ಹೊಸದಲ್ಲ. 1918ರಲ್ಲಿ ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಕಾರಿನ ಮೈತುಂಬ ಘೋಷಣೆ ಬರೆಸಿ, ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಪೂರ್ವ ಕರಾವಳಿಯಿಂದ ಲಾಸ್ ಏಂಜಲೀಸ್‌ವರೆಗೆ ಹೋದರು. ಆ ಕಾಲದ ರಸ್ತೆಗಳನ್ನು ನೆನೆದರೆ ಆ ಪ್ರಯಾಣವೇ ಒಂದು ಸಾಹಸ. ಆದರೆ ಒಂದು ವೇದಿಕೆ, ಇನ್ನೊಂದು ಬರಹ ಹೊತ್ತ ಕಾರು. ಕ್ಲಾರ್ಕ್ ಅವರದ್ದು ಮಾತ್ರ ಕಟ್ಟಡ. ನನ್ನ ಮನಸ್ಸು ಅದಕ್ಕೇ ಅಂಟಿಕೊಂಡಿತು.

ಕ್ಲಾರ್ಕ್, ಬಾಸ್ಟನ್ನಿನವರು ಫೋರ್ಡ್ ಹಿಡಿದದ್ದೇಕೆ ಅನ್ನುವುದಕ್ಕೆ ಅದರ ಬೆಲೆಯೇ ಉತ್ತರ. 1908ರಲ್ಲಿ ಸುಮಾರು 850 ಡಾಲರ್‌ಗೆ ಬಂದ ಮಾಡೆಲ್ ಟಿ, 1920ರ ದಶಕದ ನಡುವಿಗೆ ಚಿಕ್ಕ ಬಾಡಿಯಲ್ಲಿ 300 ಡಾಲರ್‌ಗೂ ಒಳಗೆ ಸಿಗುತ್ತಿತ್ತು. ಬಾಡಿ ಇಲ್ಲದ ಬರೀ ಚಾಸಿಯನ್ನೂ ಮಾರುತ್ತಿದ್ದರು. ಮೇಲೆ ಏನು ಕಟ್ಟಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಬಡಗಿಯೊಬ್ಬ ಸಿಕ್ಕರೆ ಸಾಕಿತ್ತು.

ನನ್ನದು ಹದಿನಾರನೇ ಒಂದರ ಅಳತೆ. ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ ನಿಜವಾದ ಗಾಡಿಯಲ್ಲಿ 100 ಇಂಚು, ನನ್ನದರಲ್ಲಿ 15.9 ಸೆಂಟಿಮೀಟರ್. ಚಕ್ರದ ಬಳೆ ಮತ್ತು ನಡುವಿನ ಬಿಲ್ಲೆಗಳನ್ನು ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಕಡೆಸಿದೆ, ಕಡ್ಡಿಗಳನ್ನು ನಾನೇ ಬಿದಿರಲ್ಲಿ ಸೀಳಿದೆ. ಹಳೆಯ ಮಾದರಿಯ ಟಿ ಚಕ್ರಗಳಲ್ಲಿ ಒಂದು ವಿಶೇಷ ಇದೆ. ಟೈರಿನ ಹೊರಗಿನ ವ್ಯಾಸ ಹಿಂದೆ ಮುಂದೆ ಎರಡಕ್ಕೂ 30 ಇಂಚು, ಆದರೆ ಹಿಂದಿನ ಟೈರು ದಪ್ಪ, ಹಾಗಾಗಿ ಅದರ ಬಳೆ ಒಂದು ಇಂಚು ಚಿಕ್ಕದು. ನನ್ನ ಅಳತೆಯಲ್ಲಿ ಅದು ಒಂದೂವರೆ ಮಿಲಿಮೀಟರ್ ಚಿಲ್ಲರೆ. ಕಡೆಯುವವರು ಚೀಟಿ ನೋಡಿ, "ಸಾರ್, ಎರಡಳತೆ ಬರ್ದಿದೀರ, ತಪ್ಪಾಯ್ತಾ?" ಅಂತ ಫೋನ್ ಮಾಡಿದರು. ತಪ್ಪಲ್ಲ, ಹಾಗೇ ಇರಲಿ ಅಂದೆ. ಎರಡನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ "ಮುಂದೆ", "ಹಿಂದೆ" ಅಂತ ಬರೆದು ಕಳಿಸಿದ್ದರು. ಆ ಪೊಟ್ಟಣದ ಕಾಗದವನ್ನು ಎತ್ತಿಟ್ಟುಕೊಂಡಿದ್ದೇನೆ.

ಚಾಲಕನ ಕಾಲ ಬುಡದಲ್ಲಿ ಮೂರು ಪೆಡಲ್ ಕೂತಿವೆ. ಎಡಗಡೆಯದು ಕ್ಲಚ್, ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ವೇಗ ಹೆಚ್ಚಿಸುವುದು ಕಾಲಲ್ಲಲ್ಲ, ಸ್ಟಿಯರಿಂಗ್ ಕೆಳಗೆ ಕೈಯಲ್ಲಿ ಆಡಿಸುವ ಲಿವರ್‌ನಲ್ಲಿ. ಎಡ ಪೆಡಲನ್ನು ಪೂರ್ತಿ ಒತ್ತಿದರೆ ಮೊದಲ ಗೇರು, ಬಿಟ್ಟರೆ ಎರಡನೆಯದು, ಅಷ್ಟೇ ಇದ್ದದ್ದು. ಬಾಗಿಲು ಹಾಕಿದ ಮೇಲೆ ಇವು ಯಾರಿಗೂ ಕಾಣುವುದಿಲ್ಲ. ಆದರೂ ಮಾಡಿದೆ.

ಈಗ ಗೋಪುರದ ವಿಷಯ. ಮಾಡೆಲ್ ಟಿಯಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಸ್ಪ್ರಿಂಗ್, ನಮ್ಮ ಲಾರಿಗಳ ಹಾಗೆ ಉದ್ದಕ್ಕಿಲ್ಲ, ಅಡ್ಡಕ್ಕಿದೆ. ಮುಂದೊಂದು, ಹಿಂದೊಂದು. ಗುಂಡಿ ರಸ್ತೆಯಲ್ಲಿ ಚಕ್ರಗಳು ಮೇಲೆ ಕೆಳಗೆ ಆಡಲು ಅದು ಬಹಳ ಒಳ್ಳೆಯದು, ಆದರೆ ಮೇಲೆ ಎತ್ತರದ ಭಾರ ಕೂತರೆ ಬಾಡಿ ಅಕ್ಕಪಕ್ಕ ತೂಗುತ್ತದೆ. ನಾನು ಗುಜರಿಯಲ್ಲಿ ಸಿಕ್ಕ ಗೋಡೆ ಗಡಿಯಾರದ ಸ್ಪ್ರಿಂಗನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅದೇ ರೀತಿ ಅಡ್ಡಕ್ಕೆ ಜೋಡಿಸಿದ್ದೆ. ಗೋಪುರವನ್ನು 3 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿ ಎತ್ತಿ ನಿಲ್ಲಿಸಿದೆ. ಇಡೀ ಚರ್ಚ್ ಬಲಕ್ಕೆ ವಾಲಿತು. ಮೇಜನ್ನು ಸ್ವಲ್ಪ ಅಲುಗಿಸಿದ್ದಷ್ಟೇ, ಗಾಡಿ ಮಗುಚಿ ಒಂದು ಕಿಟಕಿಯ ಚೌಕಟ್ಟು ಮುರಿಯಿತು. ಕೀಲನ್ನು ಎರಡು ಸಲ ಬದಲಿಸಿದೆ, ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ದಾರಿ ತೋರಿಸಿದ್ದು ನಮ್ಮೂರ ತೇರು. ತೇರಿನ ಅಡಿಭಾಗ ಗಟ್ಟಿ ಮರ, ಕೆತ್ತನೆ, ಭಾರ. ಮೇಲಿನ ಗೋಪುರವೋ ಬಿದಿರು, ಹಗ್ಗ, ಬಟ್ಟೆ, ಬಾವುಟ. ಜಾತ್ರೆ ಮುಗಿದ ಮೇಲೆ ಬಿಚ್ಚಿಡುತ್ತಾರೆ. ಎತ್ತರ ಕಣ್ಣಿಗೆ ಬೇಕು, ಭಾರ ನೆಲದ ಹತ್ತಿರ ಇರಬೇಕು. ಚಿಕ್ಕಂದಿನಿಂದ ನೋಡಿದ್ದು ನನಗೆ ಹೊಳೆದದ್ದು ಗಾಡಿ ಮಗುಚಿದ ಮೇಲೆ. ಪ್ಲೈವುಡ್ ಗೋಪುರ ತೆಗೆದುಹಾಕಿ, ಬಿದಿರಿನ ಸೀಳುಗಳಲ್ಲಿ ಚೌಕಟ್ಟು ಕಟ್ಟಿ, ಮೇಲೆ ದಪ್ಪ ಡ್ರಾಯಿಂಗ್ ಹಾಳೆ ಅಂಟಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಹಳೆಯದು 41 ಗ್ರಾಂ ಇತ್ತು, ಹೊಸದು 9 ಗ್ರಾಂ. ಒಡವೆ ಪೆಟ್ಟಿಗೆಯಿಂದ ಬಿಚ್ಚಿದ ಹಿತ್ತಾಳೆ ಕೀಲು ಅದಕ್ಕೆ ಸಾಕಾಯಿತು. ಈಗ ಮೇಜು ಅಲುಗಿಸಿದರೆ ಚರ್ಚ್ ತೂಗುತ್ತದೆ, ಬೀಳುವುದಿಲ್ಲ. ಮಡಚುವ ಗೋಪುರ ಬರೀ ಅಂದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಈ ಸ್ಪ್ರಿಂಗಿನ ಮೇಲೆ ಅದನ್ನು ಎತ್ತಿಕೊಂಡೇ ತಿರುವು ತಿರುಗಿಸುವುದು ಹೇಗಿರುತ್ತಿತ್ತು ಅನ್ನುವುದು ಕೈಯಾರೆ ಮಾಡಿದಾಗಲೇ ಗೊತ್ತಾದದ್ದು.

ಕಿಟಕಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಗ್ಲಾಸ್ ಪೇಂಟ್. ಗಾಜಿನ ತುಂಡುಗಳ ನಡುವಿನ ಸೀಸದ ಗೆರೆಗೆ ಕಪ್ಪು ನೂಲು. ಮುರಿದ ಚೌಕಟ್ಟನ್ನೂ ಸರಿಮಾಡಿದ್ದಾಯಿತು. ಬಾನೆಟ್ಟು, ಮಡ್‌ಗಾರ್ಡ್ ಕಪ್ಪು, ಯಾಕೆಂದರೆ 1914ರಿಂದ 1925ರವರೆಗೆ ಫೋರ್ಡ್ ಕಾರ್ಖಾನೆಯಿಂದ ಟಿ ಹೊರಬಿದ್ದದ್ದು ಕಪ್ಪು ಬಣ್ಣದಲ್ಲೇ.

ಇನ್ನೊಂದು ವಿಷಯವನ್ನು ಮುಚ್ಚಿಡಲಾರೆ. ಕ್ಲಾರ್ಕ್ ಸೇರಿದ್ದ ಪಿಲ್ಲರ್ ಆಫ್ ಫೈರ್ ಪಂಥದ ಸ್ಥಾಪಕಿ ಆಲ್ಮಾ ವೈಟ್, 1920ರ ದಶಕದಲ್ಲಿ ಕೂ ಕ್ಲಕ್ಸ್ ಕ್ಲ್ಯಾನ್ ಅನ್ನು ಬಹಿರಂಗವಾಗಿ ಹೊಗಳಿ ಪುಸ್ತಕ ಬರೆದವರು. ಆ ಪುಸ್ತಕಗಳಿಗೆ ಚಿತ್ರ ಬರೆದದ್ದು ಇದೇ ಕ್ಲಾರ್ಕ್. ಕಪ್ಪು ಜನರ ಮೇಲೆ, ಯಹೂದಿಗಳ ಮೇಲೆ, ಕ್ಯಾಥೊಲಿಕರ ಮೇಲೆ ದ್ವೇಷ ಕಾರಿದ ಸಂಘಟನೆ ಅದು. ಇದನ್ನು ಓದಿದ ದಿನ ಚಾಸಿಗೆ ಬಟ್ಟೆ ಮುಚ್ಚಿಟ್ಟೆ, ಎರಡು ವಾರ ಮುಟ್ಟಲಿಲ್ಲ. ಬಾಸ್ಟನ್ ಗಾಡಿಯನ್ನು ಮಾಡೋಣವೇ ಅಂತಲೂ ಯೋಚಿಸಿದೆ, ಅದರ ಗೋಲ್ಡ್‌ಸ್ಟೀನ್ ಯಹೂದಿಯಾಗಿ ಹುಟ್ಟಿ ಕ್ಯಾಥೊಲಿಕರಾದವರು. ಕಡೆಗೆ ಇದನ್ನೇ ಮುಗಿಸುವುದು ಅಂತ ತೀರ್ಮಾನಿಸಿದ್ದೇನೆ. ಗಾಡಿಯ ಜಾಣ್ಮೆ ಸುಳ್ಳಲ್ಲ, ಆ ಚಿತ್ರಗಳೂ ಸುಳ್ಳಲ್ಲ. ಪೀಠದ ಹಲಗೆಯ ಮೇಲೆ ಎರಡನ್ನೂ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಸುತ್ತೇನೆ. ಕ್ಲ್ಯಾನ್ ಸಾಲು ಚಿಕ್ಕದಾಗಿ ಮೂಲೆಗೆ ಹೋಗಬಾರದು.

ಉಳಿದಿರುವುದು ಆರ್ಗನ್, ಹತ್ತುವ ಮೆಟ್ಟಿಲು, ಮೇಲ್ಕಟ್ಟಿನ ಬಣ್ಣ. ಆರ್ಗನ್ ಬಹುತೇಕ ಒಂದು ಬೆಂಕಿಪೊಟ್ಟಣದಷ್ಟು ಬರುತ್ತದೆ. ಅದರ ಬಿಳಿ ಮನೆಗಳಿಗೆ, ಅಂದರೆ ಬೆರಳಲ್ಲಿ ಒತ್ತಿ ನುಡಿಸುವ ಪಟ್ಟಿಗಳಿಗೆ, ಹಳೆಯ ಗುಂಡಿಯೊಂದನ್ನು ತೇಯುತ್ತಿದ್ದೇನೆ, ಇವತ್ತಿಗೆ ಹನ್ನೊಂದು ಆಗಿವೆ.