ಕೇಳ್ಲಿಕ್ಕೆ ಅವರು ಯಾರು?

“ಅಲ್ಲ ಮಾರಾಯ್ರೆ, ಹಾಗೆ ಕೇಳ್ಲಿಕ್ಕೆ ಅವರು ಯಾರು?”

ಕೇಳಿದ್ದು ನಮ್ಮ ಪಕ್ಕದ ಮನೆಯ ಟೀಚರ್. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಕೇಳುವ ಧಾಟಿ ಮಾತ್ರ ಇನ್ನೂ ಎಂಟನೇ ತರಗತಿಯದ್ದೇ. ಮಂಗಳೂರಿನ ಬಲ್ಮಠದಲ್ಲಿ ಈ ವಾರ ನಡೆದ ಸಣ್ಣ ಸಭೆಗೆ ನನ್ನನ್ನು ಎಳಕೊಂಡು ಹೋದದ್ದೂ ಅವರೇ. ವಿಷಯ, ಕ್ರೈಸ್ತ ಚಿಂತನೆಯಲ್ಲಿ ಸಂಧಾನ. ನಾನು ಚರ್ಚಿನವನಲ್ಲ. “ಚಾ ಒಳ್ಳೆದುಂಟು, ಬನ್ನಿ” ಎಂದರು, ಹೋದೆ.

ಭಾಷಣಕಾರರು ಗದಗದ ಕಡೆಯ ಯುವಕ, ದೇವಶಾಸ್ತ್ರ ಕಲಿಸುವವರು. ಬಲ್ಮಠದಲ್ಲಿ ಮೈಕು ಹಿಡಿದವರೆಲ್ಲ ಮಾಡುವಂತೆ ಇವರೂ 1894ರ ಕಿಟೆಲ್ ಕೋಶದಿಂದಲೇ ಶುರುಮಾಡಿದರು. ಟೀಚರ್ ಆಕಳಿಸಿದರು. ಆಮೇಲೆ ಮಾತು ಮಿರೊಸ್ಲಾವ್ ವೋಲ್ಫ್ ಅವರ ಕಡೆ ತಿರುಗಿತು. ಆತ ಕ್ರೊಯೇಷಿಯಾದ ದೇವಶಾಸ್ತ್ರಜ್ಞರು. 1993ರ ಚಳಿಗಾಲ, ಊರಲ್ಲಿ ಯುದ್ಧ. ಚೆಟ್ನಿಕ್ ಎನ್ನುವ ಸರ್ಬಿಯನ್ ಪಡೆಗಳು ಹಳ್ಳಿ ಸುಡುತ್ತಿದ್ದ ಕಾಲ. ಶತ್ರುವನ್ನೂ ಅಪ್ಪಿಕೊಳ್ಳಬೇಕು ಎಂದು ವೋಲ್ಫ್ ಉಪನ್ಯಾಸ ಮುಗಿಸಿದ್ದೇ ತಡ, ಅವರ ಗುರು, ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್ ಎದ್ದು ನಿಂತು, “ನೀವು ಒಬ್ಬ ಚೆಟ್ನಿಕ್‌ನನ್ನು ಅಪ್ಪಿಕೊಳ್ಳಬಲ್ಲಿರಾ?” ಎಂದು ಕೇಳಿದರಂತೆ. ವೋಲ್ಫ್ ತಡವರಿಸಿ, ಇಲ್ಲ, ಆಗುವುದಿಲ್ಲ, ಆದರೆ ಕ್ರಿಸ್ತನ ಹಿಂದೆ ನಡೆಯುವವನಾಗಿ ಅದು ನನ್ನಿಂದ ಆಗಬೇಕು ಎಂದರಂತೆ.

ಸಭೆ ತಲೆದೂಗಿತು. ನಾನೂ ದೂಗಿದೆ. ಎರಡು ವಾಕ್ಯದಲ್ಲಿ ಇಷ್ಟು ಪ್ರಾಮಾಣಿಕ ಉತ್ತರವನ್ನು ನಮ್ಮ ಕಡೆಯ ಯಾವ ವೇದಿಕೆಯಲ್ಲೂ ಕೇಳಿದ ನೆನಪಿಲ್ಲ. ಆಗ ಟೀಚರ್ ಎದ್ದರು.

“ಮನೆ ಸುಟ್ಟದ್ದು ಇವರ ಊರಲ್ಲಿ. ಅವರಿಗೆಂತ ಹೋಗ್ಲಿಕ್ಕುಂಟು? ಜರ್ಮನಿಯಲ್ಲಿ ಕೂತು ಅಪ್ಪಿಕೊಳ್ತೀಯಾ ಅಂತ ಕೇಳೋದು ಸುಲಭ.”

ಟೀಚರಿಗೆ ಜರ್ಮನರ ಮೇಲೆ ಸಿಟ್ಟೇನಿಲ್ಲ. ಅಜ್ಜ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದವರು. 1914ರ ಯುದ್ಧ ಶುರುವಾದ ಮೇಲೆ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟು ಕಾರ್ಖಾನೆಗಳನ್ನೂ ವಶಪಡಿಸಿಕೊಂಡಾಗ, ನಿನ್ನೆಯವರೆಗೆ ಜೊತೆಯಲ್ಲಿ ಪ್ರಾರ್ಥಿಸಿದವರು ಇವತ್ತು ಶತ್ರು ಹೇಗಾದರೆಂದು ಅಜ್ಜನಿಗೆ ಕೊನೆಯತನಕ ತಿಳಿಯಲಿಲ್ಲವಂತೆ. ಶತ್ರು ಯಾರೆಂದು ಮೂರನೆಯವರು ತೀರ್ಮಾನಿಸಿದರೂ, ಕ್ಷಮಿಸೆಂದು ಮೂರನೆಯವರು ಹೇಳಿದರೂ ಟೀಚರಿಗೆ ಅನುಮಾನವೇ.

ಗದಗದವರು ಒಂದು ಕ್ಷಣ ಸುಮ್ಮನಿದ್ದು, “ಅದನ್ನ ಮೊದಲ ಹೇಳಬೇಕಿತ್ರೀ ಟೀಚರ್” ಎಂದರು. ಮೋಲ್ಟ್‌ಮನ್ ಹುಟ್ಟಿದ್ದು 1926ರಲ್ಲಿ, ಹ್ಯಾಂಬರ್ಗಿನಲ್ಲಿ. ಹುಡುಗನಾಗಿದ್ದಾಗಲೇ ಹಿಟ್ಲರನ ಸೇನೆಯ ವಿಮಾನನಿರೋಧಕ ತೋಪಿನ ಕೆಲಸಕ್ಕೆ ಹಾಕಿದರು. 1943ರ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ. 1945ರಲ್ಲಿ ಬ್ರಿಟಿಷರಿಗೆ ಶರಣಾಗಿ, 1948ರವರೆಗೆ ಯುದ್ಧಕೈದಿ. ತಮ್ಮವರು ಯಾತನಾ ಶಿಬಿರಗಳಲ್ಲಿ ಏನು ಮಾಡಿದ್ದರೆಂದು ಆತ ಕಂಡದ್ದು ಕೈದಿಯಾಗಿದ್ದಾಗ, ಚಿತ್ರಗಳಲ್ಲಿ. ಸ್ಕಾಟ್ಲೆಂಡಿನ ಜನ ಈ ಶತ್ರು ಹುಡುಗರನ್ನು ಮನುಷ್ಯರಂತೆ ಕಂಡರು. 1947ರಲ್ಲಿ ಇಂಗ್ಲೆಂಡಿನ ಸ್ವಾನ್‌ವಿಕ್‌ನಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಮಾವೇಶಕ್ಕೆ ಕೈದಿಗಳನ್ನೂ ಕರೆದರು. ಅಲ್ಲಿಗೆ ಹಾಲೆಂಡಿನ ವಿದ್ಯಾರ್ಥಿಗಳೂ ಬಂದಿದ್ದರು, ಜರ್ಮನರು ಆಕ್ರಮಿಸಿದ್ದ ದೇಶದ ಹುಡುಗರು. ತಮ್ಮವರಿಗೆ ಆದದ್ದನ್ನೆಲ್ಲ ಮುಖಕ್ಕೆ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಹೇಳಿ, ಕ್ರಿಸ್ತನೆಂಬ ಸೇತುವೆಯ ಮೇಲೆ ನಿಮ್ಮ ಬಳಿ ಬಂದಿದ್ದೇವೆ ಎಂದರು.

ಅಂದರೆ ಕೇಳಿದವರು ಚೆಟ್ನಿಕ್‌ನ ಜಾಗದಲ್ಲಿ ಒಮ್ಮೆ ನಿಂತು ಬಂದವರು.

ಟೀಚರ್ “ಹಾಂ, ಹಾಗಾದ್ರೆ ಕೇಳ್ಬಹುದು” ಎಂದು ಕೂತರು. ಅನುಮತಿ ಕೊಟ್ಟ ಹಾಗೆ.

ನನಗೆ ಕೂತಲ್ಲೇ ಬೇರೆ ಸಭೆಗಳು ನೆನಪಾದವು. 2008ರ ಸೆಪ್ಟೆಂಬರಿನಲ್ಲಿ ಇಲ್ಲಿ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ಮೇಲೆ ಒಂದು ಶಾಂತಿಸಭೆಗೆ ಹೋಗಿದ್ದೆ. ಒಂದು ಕಲ್ಲೂ ತಾಗದ ಹಿರಿಯರೊಬ್ಬರು “ಆದದ್ದು ಆಯಿತು, ಮರೆತುಬಿಡಿ” ಎಂದರು, ಚಪ್ಪಾಳೆ ಬಿತ್ತು. ಪೆಟ್ಟು ತಿಂದವರು ಹಿಂದಿನ ಸಾಲಿನಲ್ಲಿದ್ದರು, ಅವರ ಕೈಗೆ ಮೈಕು ಹೋಗಲೇ ಇಲ್ಲ. ಸ್ವಾನ್‌ವಿಕ್‌ನಲ್ಲಿ ಮೊದಲು ಮಾತಾಡಿದ್ದು ಪೆಟ್ಟು ತಿಂದ ಕಡೆಯವರು. ನಮ್ಮ ಸೌಹಾರ್ದ ಕೂಟಗಳಲ್ಲಿ ಸ್ವಾಮೀಜಿ, ಫಾದರ್, ಮೌಲವಿ ಮೂವರೂ ದೀಪ ಹಚ್ಚುತ್ತಾರೆ. ಮೂವರೂ ಸಜ್ಜನರೇ, ಒಬ್ಬರ ಮನೆ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಉಣ್ಣುವವರೇ. ಅವರ ನಡುವೆ ಸಂಧಾನ ಮಾಡಿಸಲು ಏನಿದೆ? ಕಲ್ಲು ಎತ್ತಿದವನಿಗೆ ಆಮಂತ್ರಣ ಪತ್ರಿಕೆ ಹೋಗುವುದಿಲ್ಲ. ಹೋದರೂ ಬರಲಿಕ್ಕಿಲ್ಲ ಅನ್ನಿ. ಹೊಡೆತ ತಿಂದವನಿಗೆ ಹೋಗುತ್ತದೆ, ಕ್ಷಮಿಸಿದ್ದೇನೆ ಎಂದು ಫೋಟೋಕ್ಕೆ ನಿಲ್ಲಲು. ಒಬ್ಬನೇ ಒಬ್ಬ “ನನ್ನಿಂದ ಆಗುವುದಿಲ್ಲ” ಎಂದು ವೇದಿಕೆಯಲ್ಲಿ ಹೇಳಿದರೆ ಕಾರ್ಯಕ್ರಮ ಕೆಟ್ಟಿತು ಅನ್ನುತ್ತೇವೆ. ವೋಲ್ಫ್ ಶುರುಮಾಡಿದ್ದು ಅಲ್ಲಿಂದಲೇ.

ನಿನ್ನೆ ಅಂಥದೇ ಒಂದು ಕೂಟದ ಸಂಘಟಕರು ಫೋನು ಮಾಡಿದ್ದರು, ಸ್ವಾಗತ ಭಾಷಣ ಮಾಡಬೇಕಂತೆ. ಇದನ್ನೆಲ್ಲ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿ, “ಸರಿ ಸಾರ್, ಹಾಗಾದ್ರೆ ಸ್ಟೇಜಲ್ಲಿ ಯಾರನ್ನು ಕೂರಿಸುವುದು? ನಾಡಿದ್ದು ಬ್ಯಾನರ್ ಪ್ರಿಂಟಿಗೆ ಕೊಡ್ಲಿಕ್ಕುಂಟು” ಎಂದರು. ನನಗೆ ಹೆಸರು ಹೊಳೆಯಲಿಲ್ಲ. ಟೀಚರ ನಂಬರು ಕೊಟ್ಟಿದ್ದೇನೆ.