‘ಮುಂದೇನಾಯಿತು’ ಎಂಬ ಕಾಲಂ

ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು. ಅದರ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆ ವರ್ಷವನ್ನು ಕಾಲೇಜಿನ ಚಿಕಿತ್ಸಾಲಯ, ಫಾರ್ಮು, ಪ್ರಯೋಗಾಲಯ, ಹಳ್ಳಿಯ ಆಸ್ಪತ್ರೆ ಎಂದು ತುಂಡುತುಂಡಾಗಿ ಹಂಚಿರುವುದರಿಂದ, ತೀರ್ಥಹಳ್ಳಿ ಕಡೆಯ ನನ್ನಂಥ ಪಶುವೈದ್ಯನ ಪಾಲಿಗೆ ಒಬ್ಬ ವಿದ್ಯಾರ್ಥಿ ಸಿಗುವುದು ಕೆಲವೇ ವಾರಗಳ ಮಟ್ಟಿಗೆ. ಬೈಕಿನ ಹಿಂದೆ ಕೂತು, ದಣಪೆ ದಾಟಿ, ಕೊಟ್ಟಿಗೆಗೆ ಕಾಲಿಟ್ಟು, ದನದ ಸ್ವಭಾವವೂ ಮನೆಯವರ ಮಾತಿನ ವರಸೆಯೂ ಅರ್ಥವಾಗತೊಡಗುವ ಹೊತ್ತಿಗೆ ಅವರು ಮುಂದಿನ ಪೋಸ್ಟಿಂಗಿಗೆ ಹೊರಟಿರುತ್ತಾರೆ. ಅವಧಿ ಸಾಲದು ಎಂಬ ದೂರು ಎಲ್ಲರದೂ ಇದೆ. ನನ್ನ ದೂರು ಸ್ವಲ್ಪ ಬೇರೆ: ತಾವು ಮಾಡಿದ ಚಿಕಿತ್ಸೆಯ ಫಲವೇನು ಎಂಬುದನ್ನು ನೋಡದೆಯೇ ಅವರು ಹೋಗಿಬಿಡುತ್ತಾರೆ.

ನಮ್ಮಲ್ಲಿ ಮನೆಗಳು ಒಂಟಿ ಒಂಟಿ. ಶಿವಮೊಗ್ಗದ ಕಾಲೇಜಿಗೆ ದನವನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಬರುವವರಿದ್ದಾರೆ. ಇಲ್ಲಿ ದನ ಇದ್ದಲ್ಲಿಗೆ ಡಾಕ್ಟರೇ ಹೋಗಬೇಕು. ಮಳೆಗಾಲದಲ್ಲಿ ಒಂದು ಬೆಳಗಿಗೆ ನಾಲ್ಕು ಮನೆ ಮುಗಿಸಿದರೆ ದೊಡ್ಡದು. ಅಲ್ಲದೆ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳಲ್ಲಿ ಕೈ ಪಳಗಿಸಿಕೊಂಡು ಬಂದ ವಿದ್ಯಾರ್ಥಿಗೆ ಈ ಕಡೆಯ ಪುಟ್ಟ ನಾಟಿ ತಳಿಯಾದ ಮಲೆನಾಡು ಗಿಡ್ಡ ಎದುರಾಗುವುದು ಇಲ್ಲಿಯೇ. ಒಮ್ಮೆ ಮುಳ್ಳುತಂತಿಯ ಬೇಲಿ ಹಾರಲು ಹೋಗಿ ತೊಡೆ ಹರಿದುಕೊಂಡ ಗಿಡ್ಡ ಹಸುವಿಗೆ ಹೊಲಿಗೆ ಹಾಕಬೇಕಾಗಿತ್ತು. ಜೊತೆಗಿದ್ದ ವಿದ್ಯಾರ್ಥಿನಿ ಮಂಪರು ಬರಿಸುವ ಜೈಲಾಜಿನ್ ಔಷಧವನ್ನು ಸಿರಿಂಜಿಗೆ ಎಳೆದುಕೊಂಡಾಗ, ಎಷ್ಟು ತೂಕಕ್ಕೆ ಲೆಕ್ಕ ಹಾಕಿದೆ ಎಂದು ಕೇಳಿದೆ. ಮುನ್ನೂರೈವತ್ತು ಕಿಲೋ ಎಂದಳು. ಸಿರಿಂಜು ಕೆಳಗಿಡಿಸಿ, ಬಾಳೆನಾರು ತರಿಸಿ ಎದೆಯ ಸುತ್ತಳತೆ ತೆಗೆಸಿದೆ: 44 ಇಂಚು. ಭುಜದಿಂದ ಪೃಷ್ಠದ ಎಲುಬಿನವರೆಗಿನ ಉದ್ದ 36 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಕಿಲೋ ಮಾಡಿದರೆ 105. ಜೈಲಾಜಿನ್‌ಗೆ ದನಗಳು ಕುದುರೆಗಳಿಗಿಂತ ಎಷ್ಟೋ ಪಾಲು ಸೂಕ್ಷ್ಮ ಎಂದು ಅವಳು ಪರೀಕ್ಷೆಯಲ್ಲಿ ಬರೆದವಳೇ. ಆದರೆ ಕೈಗೆ ರೂಢಿಯಾಗಿದ್ದು ದೊಡ್ಡ ದನದ ಲೆಕ್ಕ. ಸಿರಿಂಜಿನಲ್ಲಿದ್ದುದರಲ್ಲಿ ಮೂರನೆಯ ಒಂದು ಪಾಲೂ ಬೇಕಾಗಲಿಲ್ಲ. ಆಮೇಲೆ ಹೊಲಿಗೆಯನ್ನು ಪೂರ್ತಿ ಅವಳೇ ಹಾಕಿದಳು, ಚೆನ್ನಾಗಿಯೇ ಹಾಕಿದಳು. ಹೊಲಿಗೆ ಬಿಚ್ಚುವ ದಿನ ಬರುವಷ್ಟರಲ್ಲಿ ಅವಳ ಪೋಸ್ಟಿಂಗ್ ಮುಗಿದಿತ್ತು.

ವಿದ್ಯಾರ್ಥಿಗಳಿಗೆ ಅತಿ ಪ್ರಿಯವಾದ ಕಾಯಿಲೆ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಕರು ಹಾಕಿ ಒಂದೆರಡು ದಿನದೊಳಗೆ, ಹಾಲಿಗೆ ಇಳಿದುಹೋದ ಸುಣ್ಣದಂಶವನ್ನು ಮೈ ತುಂಬಿಕೊಳ್ಳಲಾರದೆ, ಜರ್ಸಿ ಹಸು ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡು ಮಲಗಿಬಿಡುತ್ತದೆ. ಬಚ್ಚಲ ಹಂಡೆಯ ನೀರಿನಲ್ಲಿ ಬೆಚ್ಚಗೆ ಮಾಡಿಕೊಂಡ 450 ಮಿಲಿಯ ಕ್ಯಾಲ್ಸಿಯಂ ಬಾಟಲಿಯನ್ನು ಕುತ್ತಿಗೆಯ ರಕ್ತನಾಳಕ್ಕೆ ನಿಧಾನವಾಗಿ ಬಿಡುತ್ತಿದ್ದಂತೆ, ಮೈ ಅದುರುತ್ತದೆ, ಮೂತಿಯ ಮೇಲೆ ಹನಿ ಮೂಡುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ, ನಾವು ಕೈ ತೊಳೆದು ಕಾಫಿಗೆ ಕೂರುವಷ್ಟರಲ್ಲಿ ಎದ್ದು ನಿಂತಿರುತ್ತದೆ. ನಿಧಾನವಾಗಿ ಎಂಬ ಮಾತನ್ನು ನಾನು ಕಲಿತದ್ದು ವಿದ್ಯಾರ್ಥಿಯಾಗಿದ್ದಾಗ, ಅವಸರಪಟ್ಟು ಬಾಟಲಿಯನ್ನು ಎತ್ತರಕ್ಕೆ ಹಿಡಿದು. ಹಸುವಿನ ಎದೆಬಡಿತ ತಪ್ಪತೊಡಗಿದ್ದು ನನಗೆ ಗೊತ್ತಾಗಲೇ ಇಲ್ಲ. ಜೊತೆಗಿದ್ದ ಹಿರಿಯರು ಒಂದು ಮಾತೂ ಆಡದೆ ಕೊಳವೆಯನ್ನು ಹಿಸುಕಿ ಹಿಡಿದರು. ಅಂದಿನಿಂದ, ನನ್ನ ಜೊತೆ ಬಂದ ಯಾರೇ ಆಗಲಿ, ಕ್ಯಾಲ್ಸಿಯಂ ಹೋಗುವಷ್ಟು ಹೊತ್ತೂ ಸ್ಟೆತಾಸ್ಕೋಪನ್ನು ಹೃದಯದ ಮೇಲಿಂದ ತೆಗೆಯುವಂತಿಲ್ಲ.

ಆದರೆ ಹಾಲುಜ್ವರದ ತೊಂದರೆಯೇ ಅದು: ಚಿಕಿತ್ಸೆ ಎಂದರೆ ಹೀಗೇ ಇರುತ್ತದೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಕೃತಕ ಗರ್ಭಧಾರಣೆ ಮಾಡಿದ ಹಸು ಮತ್ತೆ ಬೆದೆಗೆ ಬಂತೇ ಎಂದು ತಿಳಿಯಲು 21 ದಿನ ಬೇಕು. ಕೈ ಹಾಕಿ ನೋಡಿ ಗಬ್ಬ ಎನ್ನಲು ಎರಡು ಮೂರು ತಿಂಗಳು ಬೇಕು. ಕೆಚ್ಚಲು ಬಾವು ಇಳಿದರೂ ಆ ಮೊಲೆಯಲ್ಲಿ ಹಾಲು ಮೊದಲಿನಷ್ಟು ಬಂತೇ ಎಂಬುದು ವಾರಗಳ ಮಾತು. ಇನ್ನು ಕಾಡಂಚಿನಲ್ಲಿ ವರ್ಷಗಟ್ಟಲೆ ಜರಿಗಿಡ ಮೇಯ್ದ ದನಗಳ ರಕ್ತಮೂತ್ರ. ರಕ್ತ ನಿಲ್ಲುವ ಇಂಜೆಕ್ಷನ್ ಕೊಟ್ಟರೆ ಕೆಲವೊಮ್ಮೆ ನಾಲ್ಕು ದಿನ ಮೂತ್ರ ತಿಳಿಯಾಗುತ್ತದೆ. ವಿದ್ಯಾರ್ಥಿ ತನ್ನ ಲಾಗ್‌ಬುಕ್ಕಿನಲ್ಲಿ ‘ಗುಣವಾಗಿದೆ’ ಎಂದು ಬರೆದು ನನ್ನ ಸಹಿ ಪಡೆದು ಹೋಗುತ್ತಾನೆ. ಮೂತ್ರಕೋಶದೊಳಗೆ, ಆ ರಕ್ತಕ್ಕೆ ಕಾರಣವಾದ ಗಡ್ಡೆ ಹಾಗೆಯೇ ಇರುತ್ತದೆ. ಮುಂದಿನ ಮಳೆಗಾಲಕ್ಕೆ ಆ ದನ ಇರುವುದಿಲ್ಲ, ಆ ವಿದ್ಯಾರ್ಥಿ ಮಾತ್ರ ಜೀವನಪೂರ್ತಿ ಆ ಇಂಜೆಕ್ಷನ್ನನ್ನು ನಂಬಿಕೊಂಡಿರುತ್ತಾನೆ. ಹೀಗೆ ನಂಬಿಕೊಂಡವರಲ್ಲಿ ಕೆಲವು ವರ್ಷ ನಾನೂ ಒಬ್ಬ.

ಆದ್ದರಿಂದ ಈಗ ನಾನು ಒಂದು ಬೇರೆ ನೋಟ್‌ಬುಕ್ ಇಡಿಸುತ್ತೇನೆ. ಲಾಗ್‌ಬುಕ್ಕಿಗೆ ಬೇಕಾಗಿರುವುದು ಎಷ್ಟು ಕೇಸು ನೋಡಿದರು ಎಂಬ ಸಂಖ್ಯೆ. ನನ್ನ ನೋಟ್‌ಬುಕ್ಕಿನಲ್ಲಿ ಬಲಗಡೆಯ ಕಾಲಂ ಒಂದೇ ಮುಖ್ಯ, ಅದರ ತಲೆಯ ಮೇಲೆ ‘ಮುಂದೇನಾಯಿತು’ ಎಂದಿರುತ್ತದೆ. ಮನೆಯವರ ಒಪ್ಪಿಗೆ ಕೇಳಿ ಫೋನ್ ನಂಬರ್ ಬರೆದುಕೊಳ್ಳಬೇಕು, ಗೊತ್ತುಮಾಡಿಕೊಂಡ ದಿನಕ್ಕೆ ಫೋನ್ ಮಾಡಬೇಕು, ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಅವರು ಡೈರಿಗೆ ಹಾಲು ಹಾಕಲು ರಸ್ತೆಗೆ ಬರುವ ಹೊತ್ತು ನೋಡಿ ಫೋನ್ ಮಾಡಬೇಕಾಗುತ್ತದೆ. ಇದನ್ನು ಕಿರಿಕಿರಿ ಎಂದುಕೊಳ್ಳುವ ಹುಡುಗರೇ ಹೆಚ್ಚು. ಅಂಕವಿಲ್ಲದ ಕೆಲಸ, ತಪ್ಪೂ ಅಲ್ಲ.

ಆ ಕಾಲಂ ದನಕ್ಕೆ ಮಾತ್ರ ಸೇರಿದ್ದೂ ಅಲ್ಲ. ಕಂದು ಹಾಕಿದ ಹಸುವಿನ ಕಸ (ಮಾಸು) ತೆಗೆಯುವಾಗ ಬರಿಗೈ ಹಾಕಿದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂಟಬಹುದು, ಅದರ ಜ್ವರ ವಾರಗಳಾದ ಮೇಲೂ ಬರಬಹುದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ದನದ ಮೈಮೇಲಿನ ಉಣುಗನ್ನು ಹಗುರವಾಗಿ ತೆಗೆದುಕೊಳ್ಳುವ ಊರಲ್ಲ ಇದು. ಹಾಗಾಗಿ ಇಲ್ಲಿಂದ ಹೋದ ಮೇಲೆ ಜ್ವರ ಬಂದರೆ, ದನಗಳ ಜೊತೆ ಮಲೆನಾಡಿನಲ್ಲಿದ್ದೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು, ಆಮೇಲೆ ನನಗೂ ಹೇಳಬೇಕು ಎಂದು ತಿಳಿಸಿ, ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ದನದ ಬದಲು ವಿದ್ಯಾರ್ಥಿಯ ಹೆಸರನ್ನೇ ಬರೆಸುತ್ತೇನೆ.

ಗಿಡ್ಡಕ್ಕೆ ಹೊಲಿಗೆ ಹಾಕಿದ್ದ ಹುಡುಗಿ ಹನ್ನೆರಡನೆಯ ದಿನ ಬೇರೊಂದು ಜಿಲ್ಲೆಯಿಂದ ಆ ಮನೆಗೆ ಫೋನ್ ಮಾಡಿದಳಂತೆ. ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ನನಗೆ ಕಳಿಸಿದ್ದಳು. ‘ಮುಂದೇನಾಯಿತು’ ಕಾಲಮಿನಲ್ಲಿ ಹೀಗಿತ್ತು: ‘ಮೇಲಿನ ಐದು ಹೊಲಿಗೆ ಕೂಡಿವೆ. ಕೆಳಗಿನ ಎರಡು ಏಳನೆಯ ದಿನವೇ ಬಿಟ್ಟುಕೊಂಡಿವೆ. ಬೇಲಿಗೆ ಉಜ್ಜಿಕೊಂಡಿತು ಎನ್ನುತ್ತಾರೆ. ಬಹುಶಃ ಅಲ್ಲ, ಆ ಎರಡನ್ನು ನಾನು ಬಿಗಿಯಾಗಿ ಎಳೆದಿದ್ದೆ.’