ವ್ಯಾಟ್ ನಂಬುವ ಮುನ್ನ ತೂಕ ಯಾರು ನೋಡಿದರು ಎಂದು ಕೇಳಿ

ವೃತ್ತಿಪರ ಸೈಕ್ಲಿಸ್ಟ್‌ಗಳ ಸಾಮರ್ಥ್ಯ ಪರೀಕ್ಷೆಯ ವರದಿ ಬಂದಾಗ ಲ್ಯಾಬ್‌ನಲ್ಲಿ ಕೆಲಸ ಮಾಡುವವರು ಮೊದಲು ಹುಡುಕುವುದು ವಿಓಟೂ ಮ್ಯಾಕ್ಸ್ (ದೇಹ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ, ತೂಕದ ಪ್ರತಿ ಕೆಜಿಗೆ) ಅಲ್ಲ, ತೂಕ. ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಬಳಕೆಯಾಯಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಅದನ್ನು ಭಾಗಿಸುವ ತೂಕ ಮಾತ್ರ ಎಷ್ಟೋ ಸಲ ಸವಾರನ ಬಾಯಿಂದಲೋ ತಂಡದ ಫೈಲಿನಿಂದಲೋ ಬಂದಿರುತ್ತದೆ.

ಸ್ಕೈ ತಂಡದ ಬ್ರಿಟಿಷ್ ಸೈಕ್ಲಿಸ್ಟ್ ಕ್ರಿಸ್ ಫ್ರೂಮ್ ಅವರ ಅಂಕಿಗಳನ್ನೇ ನೋಡಿ. 2015ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಔಷಧ ಕಂಪನಿ ಜಿಎಸ್‌ಕೆಯ ಲ್ಯಾಬ್‌ನಲ್ಲಿ ಸಿಕ್ಕಿದ್ದು ಕೆಜಿಗೆ 84.6 ಮಿಲಿ, ತೂಕ 69.9 ಕೆಜಿ, ಗುಣಿಸಿದರೆ 5.91 ಲೀಟರ್. ಅದನ್ನೇ ರೇಸ್ ಸಮಯದ ತೂಕ ಎನ್ನಲಾದ 67 ಕೆಜಿಯಿಂದ ಭಾಗಿಸಿದರೆ 88 ದಾಟುತ್ತದೆ. ಜೊತೆಗೇ ಹೊರಬಂದ 2007ರ ಸ್ವಿಸ್ ಪರೀಕ್ಷೆಯ ಹಾಳೆಯಲ್ಲಿ 80.2 ಮಿಲಿ, 75.6 ಕೆಜಿ. ಅಂದರೆ 6.06 ಲೀಟರ್! ಇಂಜಿನ್ ದೊಡ್ಡದಾಗಲಿಲ್ಲ, ಗಾಡಿ ಹಗುರಾಯಿತು. ಆದರೆ ಆ ತೀರ್ಮಾನ ನಿಂತಿರುವುದು ಬೇರೆ ಲ್ಯಾಬಿನ, ಬೇರೆ ಯಂತ್ರಗಳ, ಹಳೆಯ ಫ್ಯಾಕ್ಸ್ ಪ್ರತಿಯೊಂದರ ಮೇಲೆ. 2015ರ ಅಳತೆಯಲ್ಲಿ ತಪ್ಪಿತ್ತು ಎಂದಲ್ಲ. ಆದರೆ ಪರೀಕ್ಷೆ ನಡೆದದ್ದು ಸವಾರರ ಇಚ್ಛೆಯಿಂದ, ಅಂಕಿಗಳು ಮೊದಲು ಬಂದದ್ದು ಎಸ್ಕ್ವೈರ್ ಮ್ಯಾಗಜೀನ್‌ನಲ್ಲಿ, ವಿಜ್ಞಾನ ಪತ್ರಿಕೆಯ ಪ್ರಬಂಧ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಸುದ್ದಿಯ ಬಿಸಿ ಆರಿತ್ತು.

ಅದೇ 2015ರ ಟೂರ್ ಡಿ ಫ್ರಾನ್ಸ್ ರೇಸ್‌ನಲ್ಲಿ ಲಾ ಪಿಯರ್ ಸಾಂ ಮಾರ್ತಾಂ ಎಂಬ ಬೆಟ್ಟದ ಏರಿನ ನಂತರ ಫ್ರೂಮ್ ಪೆಡಲಿಗೆ ಹಾಕಿದ ಶಕ್ತಿಯನ್ನು ಫ್ರೆಂಚ್ ಟಿವಿ ಕೆಜಿಗೆ 7.04 ವ್ಯಾಟ್ ಎಂದಿತು, ಸ್ಕೈ ತಂಡ 5.78 ಎಂದಿತು. ತಂಡದ ಲೆಕ್ಕ ಹೀಗೆ: ಸೈಕಲ್ಲಿನ ಪವರ್ ಮೀಟರ್ ತೋರಿಸಿದ್ದು 414 ವ್ಯಾಟ್, ತೂಕ 67.5 ಕೆಜಿ, ಭಾಗಿಸಿದರೆ 6.13. ಅಂಡಾಕಾರದ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಇದ್ದುದರಿಂದ ಮೀಟರ್ ಹೆಚ್ಚು ತೋರಿಸುತ್ತದೆಂದು ಸುಮಾರು 6% ಕಳೆದರು. ಪೆಡಲ್ ಇಡೀ ಸುತ್ತು ಒಂದೇ ವೇಗದಲ್ಲಿ ತಿರುಗುತ್ತದೆ ಎಂದು ಮೀಟರ್ ಎಣಿಸುವುದರಿಂದ ಈ ದೋಷ ನಿಜವೇ. ಎಷ್ಟು ಕಳೆಯಬೇಕೆಂದು ಹೇಳಿದ್ದು ಮಾತ್ರ ತಂಡವೇ, ತೂಕ ಕೊಟ್ಟದ್ದೂ ತಂಡವೇ.

ತೂಕಕ್ಕಿಂತ ಸೂಕ್ಷ್ಮವಾದದ್ದು ದಕ್ಷತೆಯ ಲೆಕ್ಕ, ಅಂದರೆ ದೇಹ ಖರ್ಚು ಮಾಡಿದ ಶಕ್ತಿಯಲ್ಲಿ ಎಷ್ಟು ಪಾಲು ಪೆಡಲಿಗೆ ತಲುಪಿತು ಎಂಬುದು. ಅಮೆರಿಕದ ವ್ಯಾಯಾಮ ವಿಜ್ಞಾನಿ ಎಡ್ ಕಾಯ್ಲ್ 2005ರ ಪ್ರಬಂಧದಲ್ಲಿ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಸ್ನಾಯು ದಕ್ಷತೆ 1992ರಿಂದ 1999ಕ್ಕೆ 21.2ರಿಂದ 23.1%ಗೆ ಏರಿತು ಎಂದಿದ್ದರು. ಈ 1.9 ಅಂಶ ಎಷ್ಟು ದೊಡ್ಡದು? 300 ವ್ಯಾಟ್‌ನಲ್ಲಿ 4 ಲೀಟರ್ ಆಮ್ಲಜನಕ, ಲೀಟರಿಗೆ 20.7 ಕಿಲೋಜೂಲ್ ಎಂದರೆ ದಕ್ಷತೆ 21.7%. ಯಂತ್ರ ಆಮ್ಲಜನಕವನ್ನು 3% ಕಡಿಮೆ ಓದಿದರೆ ಅದು 22.4% ಆಗುತ್ತದೆ. ಬರೀ ಕ್ಯಾಲಿಬ್ರೇಷನ್ (ಯಂತ್ರದ ಅಳತೆಯ ಹೊಂದಿಕೆ) ಜಾರಿದ್ದಕ್ಕೇ 0.7 ಅಂಶ! ಆಸ್ಟ್ರೇಲಿಯಾದ ವಿಜ್ಞಾನಿಗಳು ಕಚ್ಚಾ ಅಂಕಿಗಳಿಗಾಗಿ ಪಟ್ಟು ಹಿಡಿದ ಮೇಲೆ, 2008ರಲ್ಲಿ, ಲೆಕ್ಕದಲ್ಲೊಂದು ತಪ್ಪಿದೆಯೆಂದು ಕಾಯ್ಲ್ ಒಪ್ಪಿದರು. ತೀರ್ಮಾನ ಬದಲಾಗದು ಎಂದರು.

ಹಾಗಾಗಿ ಹಣ ಕೊಟ್ಟವರು ಯಾರು ಎಂಬುದಕ್ಕಿಂತ ಕಚ್ಚಾ ಫೈಲ್ ಯಾರ ಬಳಿ ಉಳಿಯಿತು ಎಂಬುದು ದೊಡ್ಡ ಪ್ರಶ್ನೆ. ಪ್ರತಿ ಉಸಿರಿನ ದಾಖಲೆಯ ಒಂದು ಪ್ರತಿ, ಪರೀಕ್ಷೆ ಮುಗಿದ ಗಂಟೆಯೊಳಗೆ, ತಂಡಕ್ಕೂ ಲ್ಯಾಬಿಗೂ ಸೇರದ ಮೂರನೆಯವರ ಬಳಿ ಹೋಗಬೇಕು. ಗರಿಷ್ಠ ಮೌಲ್ಯಕ್ಕೆ 15 ಸೆಕೆಂಡಿನ ಸರಾಸರಿಯೋ 30ರದ್ದೋ ಎಂದು ಮೊದಲೇ ಬರೆದಿಡಬೇಕು, ಕಿರು ಅವಧಿಯ ಸರಾಸರಿ ಅಂಕಿಯನ್ನು ಉಬ್ಬಿಸುತ್ತದೆ. ಗಾಳಿಯ ಪ್ರಮಾಣವನ್ನು ಯಂತ್ರ ಸರಿಯಾಗಿ ಅಳೆಯುತ್ತದೆಯೇ ಎಂದು 3 ಲೀಟರ್ ಸಿರಿಂಜನ್ನು ನಿಧಾನವಾಗಿ, ವೇಗವಾಗಿ, ಎರಡೂ ಬಗೆಯಲ್ಲಿ ತಳ್ಳಿ ನೋಡಬೇಕು. ಸುಮಾರು 16% ಆಮ್ಲಜನಕ, 5% ಇಂಗಾಲದ ಡೈಆಕ್ಸೈಡ್ ಇರುವ ಸಿಲಿಂಡರಿನಿಂದ ಸೆನ್ಸರಿನ ತಪಾಸಣೆ, ಸವಾರನ ಪರೀಕ್ಷೆಗೆ ಮುಂಚೆ ಮಾತ್ರವಲ್ಲ, ಮುಗಿದ ಮೇಲೂ ಆಗಬೇಕು. ಎರಡನೆಯದನ್ನೇ ಬಹಳ ಕಡೆ ಬಿಡುತ್ತಾರೆ. ಸೆನ್ಸರ್ ಜಾರುವುದು ಗೊತ್ತಾಗುವುದು ಅಲ್ಲೇ. ಎರ್ಗೋಮೀಟರ್ (ಲ್ಯಾಬಿನಲ್ಲಿ ತುಳಿಯುವ, ವ್ಯಾಟ್ ಅಳೆಯುವ ಸೈಕಲ್) ಕೂಡ 2% ತಪ್ಪಿದರೆ 400 ವ್ಯಾಟ್‌ಗೆ 8 ವ್ಯಾಟ್ ವ್ಯತ್ಯಾಸ.

ಇಷ್ಟೆಲ್ಲ ಸರಿಯಿದ್ದರೂ ಇದು ಡೋಪಿಂಗ್ ಪರೀಕ್ಷೆಯಲ್ಲ. 84 ಬಂದವರು ಶುದ್ಧರೂ ಅಲ್ಲ, ಕಳ್ಳರೂ ಅಲ್ಲ. ಪತ್ರಿಕೆಗೆ ಕೊಡುವ ಹಾಳೆಯಲ್ಲಿ ಲೀಟರ್, ತೂಕ, ತೂಕ ನೋಡಿದ ದಿನ, ಸರಾಸರಿಯ ಅವಧಿ ನಾಲ್ಕನ್ನೂ ಬೇರೆ ಬೇರೆ ಬರೆಯಿರಿ. ಇದರಲ್ಲಿ ಒಂದು ಕಾಣದಿದ್ದರೂ ವರದಿಗಾರರು ಅದನ್ನು ‘ತಂಡ ಕೊಟ್ಟ ಅಂಕಿ’ ಎಂದೇ ಛಾಪಿಸಲಿ.